ಕ್ರಯಪತ್ರ ನಿಮ್ಮ ಹೆಸರಲ್ಲಿ, ತೆಂಗಿನಕಾಯಿ ಅಜ್ಜಿ ಹೆಸರಲ್ಲಿ

ಹೋದ ವಾರ ಹಸಿರೆಲೆ ಗೊಬ್ಬರದ ಬಗ್ಗೆ ಬರೆದಿದ್ದೆ. ಈ ವಾರ ಮಣ್ಣು ಬಿಟ್ಟು ಕಾಗದಪತ್ರಕ್ಕೆ ಬರ್ತೀನಿ. ನಮ್ಮ ವಯಸ್ಸಿನ ಎಷ್ಟೋ ರೈತರು ಈಗ ಪೇಟೆಯಲ್ಲಿ ಒಂದು ಮನೆ ಹುಡುಕ್ತಾ ಇದ್ದಾರೆ. ಮಕ್ಕಳ ಸ್ಕೂಲು ಒಂದು ಕಾರಣ, ತರಕಾರಿ ಬುಟ್ಟಿ ವ್ಯಾಪಾರಕ್ಕೆ ಸಿಟಿಯೊಳಗೆ ಒಂದು ತಾವು ಬೇಕು ಅನ್ನೋದು ಇನ್ನೊಂದು. ಜಮೀನಿನ ಪಹಣಿ ಓದೋಕೆ ಬರೋ ನಮಗೆ ಮನೆಯ ಪತ್ರ ಓದೋದು ಅಷ್ಟಾಗಿ ಬರಲ್ಲ. ಅದರಲ್ಲೂ ಬೇರೆಯವರ ಹಕ್ಕು ನೋಂದಣಿ ಆಗಿರೋ ಮನೆ ಅಂದ್ರೆ ದಲ್ಲಾಳಿಗಳು ಎರಡೇ ಮಾತು ಹೇಳ್ತಾರೆ: "ಅದೆಲ್ಲ ಹಳೇದು ಸಾರ್, ಏನೂ ಆಗಲ್ಲ" ಅಥವಾ "ಅದನ್ನ ಮುಟ್ಟಲೇಬೇಡಿ". ಎರಡೂ ತಪ್ಪು.

ನಾನು ಹೋದ ವರ್ಷ ಮೈಸೂರಿನ ಸಿದ್ಧಾರ್ಥನಗರದಲ್ಲಿ ಒಂದು ಹಳೇ ಮನೆಯ ಮುಂಭಾಗ ಕೊಂಡೆ. ನಮ್ಮ ತೋಟ ತಿ. ನರಸೀಪುರ ರಸ್ತೆಯಲ್ಲಿ, ವರುಣಾ ದಾಟಿದ ಮೇಲೆ. ಮಂಗಳವಾರ, ಶುಕ್ರವಾರ ಬೆಳಗಿನ ಜಾವ ಕೊಯ್ದ ಸೊಪ್ಪು ಸಿಟಿಗೆ ಬರೋದು ಅದೇ ರಸ್ತೆಯಲ್ಲಿ. ಹಾಗಾಗಿ ನಜರಬಾದ್, ಸಿದ್ಧಾರ್ಥನಗರದ ಕಡೆ ಮನೆ ಸಿಕ್ಕಿದ್ರೆ ನಮಗೆ ಅನುಕೂಲ. ಈ ಮನೆ ಆ ಬೀದಿಯ ದರಕ್ಕಿಂತ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಅಗ್ಗಕ್ಕೆ ಸಿಗ್ತಿತ್ತು. ಮೂರು ಜನರ ಹಕ್ಕು ಅದರ ಮೇಲೆ ನೋಂದಣಿ ಆಗಿದ್ದೇ ಅದಕ್ಕೆ ಕಾರಣ. ಗೊತ್ತಿದ್ದೇ ಕೊಂಡೆ. ಗೊತ್ತಾಗಿದ್ದು ಹೇಗೆ, ಆಮೇಲೆ ಏನೇನಾಯ್ತು ಅನ್ನೋದನ್ನ ಬಿಡಿಸಿ ಹೇಳ್ತೀನಿ.

2004ಕ್ಕಿಂತ ಹಿಂದೆ ಹೋಗಿ

ಕಾವೇರಿ ಪೋರ್ಟಲ್‌ನಲ್ಲಿ ಮೊಬೈಲಲ್ಲೇ ಇಸಿ ತೆಗೀಬಹುದು ಅಂತ ಎಲ್ರಿಗೂ ಗೊತ್ತು. ಇಸಿ ಅಂದ್ರೆ ಋಣಭಾರ ಪ್ರಮಾಣಪತ್ರ. ಆ ಆಸ್ತಿ ಮೇಲೆ ಏನಾದ್ರೂ ನೋಂದಣಿ ಆಗಿದ್ರೆ ನಮೂನೆ 15 ಬರುತ್ತೆ, ಏನೂ ಇಲ್ಲದಿದ್ರೆ ನಮೂನೆ 16. ನಾನು ಆನ್‌ಲೈನಲ್ಲಿ ತೆಗೆದಾಗ ಈ ಮನೆಗೆ ಬಂದದ್ದು ನಮೂನೆ 16! ಮನೆ ಶುದ್ಧ ಅಂತ.

ಆದ್ರೆ ಆನ್‌ಲೈನ್ ಇಸಿ ಸಿಗೋದು 2004ರ ಏಪ್ರಿಲ್‌ನಿಂದ ಈಚೆಗೆ ಮಾತ್ರ. ನೋಂದಣಿ ಕಚೇರಿ ಕಂಪ್ಯೂಟರ್ ಆದದ್ದು ಆಗ. ಅದಕ್ಕಿಂತ ಹಿಂದಿನದೆಲ್ಲ ಕಚೇರಿಯ ದಪ್ಪ ಪುಸ್ತಕಗಳಲ್ಲಿದೆ. ಅರ್ಜಿ ಹಾಕಿ, ಶುಲ್ಕ ಕಟ್ಟಿ ಕೈಬರಹದ ಇಸಿ ತೆಗೆಸಬೇಕು. ನಾನು 1980ರಿಂದ ತೆಗೆಸಿದೆ. ಎರಡು ನಮೂದು ಬಂತು: 1986ರ ಒಂದು ಆಧಾರ ಪತ್ರ, 1994ರ ಒಂದು ವಿಭಾಗ ಪತ್ರ.

ಇಸಿಯಲ್ಲಿ ವಿಭಾಗ ಪತ್ರದ ಬಗ್ಗೆ ಇದ್ದದ್ದು ನಾಲ್ಕೇ ಸಾಲು. ಯಾರು ಬರೆದುಕೊಟ್ರು, ಯಾರಿಗೆ, ಯಾವ ತಾರೀಖು, ಯಾವ ಷೆಡ್ಯೂಲು, ಅಷ್ಟೇ. ಇಲ್ಲಿಗೆ ನಿಲ್ಲಿಸಬೇಡಿ. ಇಸಿ ಅನ್ನೋದು ಪುಸ್ತಕದ ಪರಿವಿಡಿ ಇದ್ದ ಹಾಗೆ, ಕಥೆ ಇರೋದು ಒಳಗಡೆ. ಸ್ಥಿರಾಸ್ತಿ ಪತ್ರಗಳು ದಾಖಲಾಗೋದು ನೋಂದಣಿ ಕಚೇರಿಯ ಒಂದನೇ ಪುಸ್ತಕದಲ್ಲಿ. ಅದರ ದೃಢೀಕೃತ ಪ್ರತಿಯನ್ನ ಯಾರು ಬೇಕಾದ್ರೂ ಶುಲ್ಕ ಕಟ್ಟಿ ಪಡೀಬಹುದು, ಮಾಲೀಕರ ಒಪ್ಪಿಗೆ ಬೇಕಿಲ್ಲ. 1908ರ ನೋಂದಣಿ ಕಾಯ್ದೆಯ 57ನೇ ಕಲಂ ಇದನ್ನೇ ಹೇಳುತ್ತೆ. ನನಗೆ ಸಿಕ್ಕಿದ್ದು ಹನ್ನೊಂದು ಪುಟದ ಪ್ರತಿ. ನಿಜವಾದ ವಿಷಯ ಇದ್ದದ್ದು ಏಳನೇ ಪುಟದಲ್ಲಿ.

ಆ ಮನೆಯ ಯಜಮಾನರು ತೀರಿಕೊಂಡ ಮೇಲೆ ಇಬ್ಬರು ಗಂಡುಮಕ್ಕಳು ಭಾಗ ಮಾಡಿಕೊಂಡಿದ್ರು. ಮುಂದಿನ ಅರ್ಧ ದೊಡ್ಡವರಿಗೆ, ಹಿಂದಿನ ಅರ್ಧ ಚಿಕ್ಕವರಿಗೆ. ಹಿಂದಿನ ಮನೆಯವರು ಬೀದಿಗೆ ಬರಬೇಕಲ್ಲ, ಅದಕ್ಕೆ ಪೂರ್ವದ ಗೋಡೆ ಪಕ್ಕ ನಾಲ್ಕು ಅಡಿ ಓಣಿಯಲ್ಲಿ ನಡೆದಾಡೋ ಹಕ್ಕು. ಬಾವಿ ಮುಂದಿನ ಭಾಗದಲ್ಲಿತ್ತು, ಅದರಿಂದ ನೀರು ಸೇದಿಕೊಳ್ಳೋ ಹಕ್ಕೂ ಅವರಿಗಿತ್ತು. ಇನ್ನೊಂದು ಅವರ ಅತ್ತಿಗೆಯದು. ಅಪ್ಪನಿಗಿಂತ ಮೊದಲೇ ತೀರಿಹೋಗಿದ್ದ ಹಿರಿಯಣ್ಣನ ಹೆಂಡತಿ ಅವರು, ಮಕ್ಕಳಿಲ್ಲ. ಉತ್ತರದ ಕೋಣೆ, ಅದಕ್ಕೆ ಅಂಟಿಕೊಂಡ ಬಚ್ಚಲು, ಜೀವ ಇರೋ ತನಕ ವಾಸ. ಜೊತೆಗೆ ಅಂಗಳದ ಎರಡು ತೆಂಗಿನ ಮರದ ಫಸಲು.

ಅವರಿಗೆ ಈಗ 78. ಆ ಕೋಣೆಯಲ್ಲೇ ಇದ್ದಾರೆ.

ಗೊತ್ತಿರಲಿಲ್ಲ ಅನ್ನೋ ಹಾಗಿಲ್ಲ

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 3ನೇ ಕಲಂನ ವಿವರಣೆಯಲ್ಲಿ ಒಂದು ಮಾತಿದೆ. ಪತ್ರ ನೋಂದಣಿ ಆಗಿದ್ರೆ, ಆಮೇಲೆ ಆ ಆಸ್ತಿ ಕೊಂಡವರಿಗೆ ಅದರ ವಿಷಯ ಗೊತ್ತಿತ್ತು ಅಂತಲೇ ಲೆಕ್ಕ. ನೀವು ಓದಿದ್ರೋ ಬಿಟ್ರೋ ಕಾನೂನಿಗೆ ಬೇಡ. ಮಾರಿದವರು ಹೇಳಲಿಲ್ಲ, ದಲ್ಲಾಳಿ ಮುಚ್ಚಿಟ್ಟ ಅಂದ್ರೆ ಅವರ ಮೇಲೆ ಪರಿಹಾರ ಕೇಳಬಹುದು, ಆದ್ರೆ ಆ ಅಜ್ಜಿಯ ಹಕ್ಕು ಮಾತ್ರ ಅಳಿಸಿಹೋಗಲ್ಲ.

ಇನ್ನೊಂದು ವಿಷಯ ನಮ್ಮ ಹುಡುಗರಿಗೆ ಬಿಡಿಸಿ ಹೇಳಬೇಕು. ನಮ್ಮ ದೇಶದಲ್ಲಿ ನೋಂದಣಿ ಆಗೋದು ಪತ್ರ, ಮಾಲೀಕತ್ವ ಅಲ್ಲ. ದಕ್ಷಿಣ ಆಸ್ಟ್ರೇಲಿಯಾದಲ್ಲಿ 1858ರಲ್ಲಿ ಟಾರೆನ್ಸ್ ಪದ್ಧತಿ ಅಂತ ಶುರುವಾಯ್ತು. ಅಲ್ಲಿ ಸರ್ಕಾರದ ರಿಜಿಸ್ಟರಿನಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅದೇ ಪುಟದಲ್ಲಿ ಸಾಲ, ದಾರಿ, ಬೇರೆಯವರ ಹಕ್ಕು ಎಲ್ಲ ಒಟ್ಟಿಗೆ ಕಾಣುತ್ತೆ. ನಮ್ಮಲ್ಲಿ ಉಪನೋಂದಣಾಧಿಕಾರಿ ನಿಮ್ಮ ಕ್ರಯಪತ್ರ ನೋಂದಾಯಿಸಿದ್ರು ಅಂದ್ರೆ ಮಾರಿದವರಿಗೆ ಪೂರ್ತಿ ಹಕ್ಕಿತ್ತು ಅಂತ ಅವರು ಗ್ಯಾರಂಟಿ ಕೊಟ್ಟ ಹಾಗಲ್ಲ. ಹುಡುಕೋ ಕೆಲಸ ಕೊಳ್ಳುವವರದ್ದೇ.

ಸಿದ್ಧಾರ್ಥನಗರದವರಿಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತು? ಇದೇನು ಖಾಸಗಿಯವರು ಕದ್ದುಮುಚ್ಚಿ ಮಾಡಿದ ಬಡಾವಣೆ ಅಲ್ಲ, ಪ್ರಾಧಿಕಾರದ್ದೇ. ಮುಡಾಕ್ಕೂ ಮೊದಲು ಮೈಸೂರಲ್ಲಿ ಸಿಐಟಿಬಿ ಇತ್ತು, 1903ರಲ್ಲಿ ಶುರುವಾದದ್ದು. ಅಂಥ ಸರ್ಕಾರಿ ವ್ಯವಸ್ಥೆಯಿಂದಲೇ ನಿವೇಶನ ಪಡೆದು, ದಶಕಗಟ್ಟಲೆ ಕಂದಾಯ ಕಟ್ಟಿ ಜನ ಇಲ್ಲಿ ನೆಮ್ಮದಿಯಾಗಿದ್ರು. 2015ರಲ್ಲಿ ಜಿಲ್ಲಾಧಿಕಾರಿಗಳ ಒಂದು ಆದೇಶ ಬಂತು. ಕುರುಬಾರಹಳ್ಳಿ ಸರ್ವೆ ನಂಬರ್ 4, ಆಲನಹಳ್ಳಿ ಸರ್ವೆ ನಂಬರ್ 41ರ 1,500 ಎಕರೆಗೂ ಹೆಚ್ಚು ಜಾಗ ಬಿ-ಖರಾಬು, ಅಂದ್ರೆ ಸರ್ಕಾರದ್ದು ಅಂತ. ಸಿದ್ಧಾರ್ಥನಗರ, ಕೆ.ಸಿ. ಬಡಾವಣೆ, ಜೆ.ಸಿ. ಬಡಾವಣೆ ಎಲ್ಲ ಅದರೊಳಗೆ ಸಿಕ್ಕಿಬಿದ್ವು. ಖಾತೆ ವರ್ಗಾವಣೆ ನಿಂತಿತು, ನಕ್ಷೆ ಮಂಜೂರಾತಿ ನಿಂತಿತು, ಮಗಳ ಮದುವೆಗೆ ಅಂತ ಮನೆ ಮಾರೋಣ ಅಂದ್ರೂ ಆಗದ ಸ್ಥಿತಿ. ವರ್ಷಗಟ್ಟಲೆ ಓಡಾಡಿ, ಹೋರಾಡಿದ ಮೇಲೆ ಸರ್ಕಾರ ಈ ಬಡಾವಣೆಗಳನ್ನ ಆ ಪಟ್ಟಿಯಿಂದ ಕೈಬಿಡೋ ತೀರ್ಮಾನ ಮಾಡ್ತು.

ಎ-ಖರಾಬು, ಬಿ-ಖರಾಬು ನಮಗೆ ಪಹಣಿಯಿಂದ ಗೊತ್ತಿರೋ ಮಾತೇ. ಎ ಅಂದ್ರೆ ಬಂಡೆ, ಹಳ್ಳ, ಉಳುಮೆಗೆ ಬರದ ನೆಲ. ಬಿ ಅಂದ್ರೆ ಕೆರೆ, ದಾರಿ, ಸ್ಮಶಾನದಂಥ ಸಾರ್ವಜನಿಕ ಉಪಯೋಗದ್ದು. ಮನೆ ಕೊಳ್ಳುವಾಗ ಆ ನೆಲದ ಹಳೇ ಸರ್ವೆ ನಂಬರ್ ಯಾವುದು ಅಂತ ಕೇಳೋ ಅಭ್ಯಾಸ ಪೇಟೆಯವರಿಗಿಲ್ಲ, ನಮಗಿದೆ. ನಾನು ಮೊದಲು ಕೇಳಿದ್ದೇ ಅದನ್ನ. ಆ ಆದೇಶದ ಯಾವ ಸುಳಿವೂ ಇಸಿಯಲ್ಲಿ ಇರಲ್ಲ ಅನ್ನೋದು ನೆನಪಿರಲಿ.

ಮೊದಲು ಆಧಾರ ಪತ್ರ

ಇದು ಸುಲಭದ್ದು. 1986ರಲ್ಲಿ ಆ ಯಜಮಾನರು ಮನೆ ಕಟ್ಟೋಕೆ ಒಂದು ಸಹಕಾರ ಸಂಘದಲ್ಲಿ ಸಾಲ ತಗೊಂಡು ಆಧಾರ ಬರೆದುಕೊಟ್ಟಿದ್ರು. ಸಾಲ 1993ರಲ್ಲಿ ತೀರಿದೆ, ರಶೀದಿ ಟ್ರಂಕಿನಲ್ಲಿತ್ತು. ಆದ್ರೆ ಖುಲಾಸೆ ಪತ್ರ ನೋಂದಣಿ ಮಾಡಿಸಿರಲಿಲ್ಲ. ಸಾಲ ತೀರಿದ್ದು ನಿಜ ಆದ್ರೂ ಇಸಿಯಲ್ಲಿ ಅಡಮಾನ ಹಾಗೇ ಕೂತಿರುತ್ತೆ. ಇಸಿಗೆ ರಶೀದಿ ಗೊತ್ತಾಗಲ್ಲ, ನೋಂದಣಿ ಆದ ಖುಲಾಸೆ ಮಾತ್ರ ಗೊತ್ತಾಗುತ್ತೆ. ಇದನ್ನ ಸರಿಮಾಡಿಸಿದ್ರೆ ಮಾತ್ರ ಮುಂದಿನ ಮಾತು ಅಂದೆ. ಮಾರುವವರು ಎರಡು ತಿಂಗಳು ಓಡಾಡಿ ಮಾಡಿಸಿದ್ರು. ಬೇರೆ ಕರಾರು ಇಲ್ಲದಿದ್ರೆ ಋಣಭಾರ ತೀರಿಸಿಕೊಡೋದು ಮಾರುವವರ ಹೊಣೆ, ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಂನಲ್ಲೇ ಇದೆ. ದಾಕ್ಷಿಣ್ಯ ಬೇಡ.

ಹಳೇ ಇಸಿಯಲ್ಲಿ ಈಗ ಇಲ್ಲದ ಬ್ಯಾಂಕಿನ ಹೆಸರು ಬಂದ್ರೆ ಗಾಬರಿ ಆಗಬೇಡಿ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ, ವಿಜಯ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಗೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾಗೆ ಸೇರಿವೆ. ಖುಲಾಸೆ ಬರೆದುಕೊಡಬೇಕಾದ್ದು ಈಗಿನ ಬ್ಯಾಂಕು. ಇನ್ನೊಂದು, ಬರೀ ಮೂಲ ಪತ್ರ ಇಟ್ಟು ತೆಗೆದ ಸಾಲ ನೋಂದಣಿ ಆಗದೇ ಇರಬಹುದು, ಆಗ ಇಸಿಯಲ್ಲಿ ಕಾಣಲ್ಲ. ಅದಕ್ಕೆ ಸೆರ್ಸಾಯ್ ಅನ್ನೋ ಕೇಂದ್ರದ ದಾಖಲೆ ಇದೆ, 2011ರಿಂದ. ಸಣ್ಣ ಶುಲ್ಕ ಕಟ್ಟಿ ಫೋನಲ್ಲೇ ನೋಡಬಹುದು. ಮೂಲ ಪತ್ರ ತೋರಿಸಿ ಅಂದಾಗ "ಜೆರಾಕ್ಸ್ ಇದೆ, ಮೂಲ ಊರಲ್ಲಿದೆ" ಅಂದ್ರೆ ಅಲ್ಲೇ ನಿಲ್ಲಿಸಿ.

ಅಜ್ಜಿಯ ಕೋಣೆ

ಎಲ್ಲಕ್ಕಿಂತ ಕಷ್ಟದ್ದು ಇದು. ಕಾನೂನಿನಲ್ಲೂ ಕಷ್ಟ, ಮನಸ್ಸಿಗೂ ಕಷ್ಟ.

ನಾನು ಮೊದಲು ಮನೆ ಸಾಲಕ್ಕೆ ಹೋದ ಬ್ಯಾಂಕಿನವರು ಪತ್ರ ನೋಡಿ ಒಂದೇ ಮಾತು ಹೇಳಿದ್ರು: ಆ ಹೆಂಗಸಿನಿಂದ ಹಕ್ಕು ಖುಲಾಸೆ ಪತ್ರ ಬರೆಸಿಕೊಂಡು ಬನ್ನಿ. ಅವರ ದೃಷ್ಟಿಯಲ್ಲಿ ಅದು ಸರಿ. ನಾಳೆ ಸಾಲ ಕಟ್ಟದಿದ್ರೆ ಮನೆ ಹರಾಜು ಹಾಕಬೇಕು, ಒಳಗೆ ಒಬ್ಬರು ಜೀವಾವಧಿ ಹಕ್ಕಿನ ಮೇಲೆ ಕೂತಿದ್ರೆ ಯಾರು ಕೊಳ್ತಾರೆ? ಮಾರುವವರು ಇದಕ್ಕೆ ಮೊದಲೇ ತಯಾರಾಗಿದ್ರು. ಎರಡು ಲಕ್ಷ ಕೊಡ್ತೀವಿ ಅಂತ ಖುಲಾಸೆ ಪತ್ರ ಟೈಪ್ ಮಾಡಿಸಿಟ್ಟಿದ್ರು. ಅಜ್ಜಿಗೆ ಕಣ್ಣು ಮಂದ. ನನ್ನ ಕೈಗೆ ಕೊಟ್ಟು, "ನೀನೇ ಓದಪ್ಪ, ನೀನು ಕೊಳ್ಳೋನಲ್ವಾ" ಅಂದ್ರು. ಪೂರ್ತಿ ಓದಿದೆ. "ಅಂದ್ರೆ ನಾನು ಹೊರಗೆ ಹೋಗ್ಬೇಕು ಅಂತಾನಾ?" ಅಂದ್ರು. ಹೌದು ಅಂದೆ. ಪತ್ರ ವಾಪಸ್ ಮಡಚಿ ಕೊಟ್ರು, ಅಷ್ಟೇ.

ಎರಡು ಲಕ್ಷಕ್ಕೆ ಮೈಸೂರಲ್ಲಿ 78ರ ಹೆಂಗಸಿಗೆ ಎಲ್ಲಿ ಸಿಗುತ್ತೆ ಒಂದು ಕೋಣೆ? ಅಡ್ವಾನ್ಸಿಗೇ ಸಾಲಲ್ಲ.

ನಮ್ಮ ವಕೀಲರು ಹೇಳಿದ ಮಾತು ಇನ್ನೂ ಗಂಭೀರವಾಗಿತ್ತು. ಜೀವ ಇರೋ ತನಕ ಅಂತ ಬರೆದಿದ್ರೂ ಅದು ಅಷ್ಟಕ್ಕೇ ನಿಲ್ಲದೆ ಇರಬಹುದು. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರ 14ನೇ ಕಲಂನ ಮೊದಲ ಉಪಕಲಂ ಪ್ರಕಾರ, ಹೆಂಗಸಿಗೆ ಮೊದಲೇ ಇದ್ದ ಜೀವನಾಂಶದ ಅಥವಾ ಪಾಲಿನ ಹಕ್ಕಿಗೆ ಬದಲಾಗಿ ಆಸ್ತಿ ಕೊಟ್ಟಿದ್ರೆ, ಪತ್ರದಲ್ಲಿ ಮಿತಿ ಹಾಕಿದ್ರೂ ಆಕೆ ಪೂರ್ಣ ಒಡತಿ ಆಗಬಹುದು. 1977ರಲ್ಲಿ ತುಳಸಮ್ಮ ವಿರುದ್ಧ ಶೇಷಾರೆಡ್ಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಹೊಸದಾಗಿ ಆ ಪತ್ರದಿಂದಲೇ ಹುಟ್ಟಿದ ಹಕ್ಕಾದ್ರೆ ಎರಡನೇ ಉಪಕಲಂ ಬರುತ್ತೆ, ಆಗ ಮಿತಿ ನಿಲ್ಲುತ್ತೆ. ಅಪ್ಪನಿಗಿಂತ ಮೊದಲೇ ತೀರಿಹೋದ ಮಗನ ವಿಧವೆ ಮೊದಲನೇ ವರ್ಗದ ವಾರಸುದಾರಳು. ಅಂದ್ರೆ 1994ರಲ್ಲಿ ಈ ಅಜ್ಜಿಗೆ ನಿಜವಾಗಿ ಒಂದು ಪಾಲೇ ಇತ್ತು, ಬರೀ ಕೋಣೆಯಲ್ಲ. ಪಾಲಿನ ಬದಲು ಕೋಣೆ ಕೊಟ್ಟಿದ್ರು. ಕೋರ್ಟಿಗೆ ಹೋದ್ರೆ ಆ ಕೋಣೆ ಪೂರ್ತಿ ಅವರದ್ದೇ ಅಂತ ವಾದ ಮಾಡೋಕೆ ದಾರಿ ಇತ್ತು.

ಹಾಗಾಗಿ ಅವರ ಬೆನ್ನ ಹಿಂದೆ ಕೊಳ್ಳೋದು ನ್ಯಾಯವೂ ಅಲ್ಲ, ಜಾಣತನವೂ ಅಲ್ಲ. ಕೊನೆಗೆ ನಾವು ಮಾಡಿದ್ದು ಹೀಗೆ. ಅಜ್ಜಿಯನ್ನ ಕ್ರಯಪತ್ರದಲ್ಲೇ ಒಪ್ಪಿಗೆದಾರರಾಗಿ ಸೇರಿಸಿದ್ವಿ, ಬರೀ ಸಾಕ್ಷಿಯಾಗಿ ಅಲ್ಲ. ಕೋಣೆ, ಬಚ್ಚಲು, ತೆಂಗಿನ ಫಸಲು ಅವರ ಜೀವಮಾನವಿಡೀ ಅವರದ್ದೇ ಅಂತ ಹೊಸ ಪತ್ರದಲ್ಲೂ ಬರೆದ್ವಿ. ಅದಕ್ಕೆ ಮೀರಿದ ಹಕ್ಕು ಕೇಳಲ್ಲ ಅಂತ ಅವರು ಒಪ್ಪಿದ್ರು. ಅದಕ್ಕೆ ಪ್ರತಿಯಾಗಿ ಮಾರುವವರು ಕ್ರಯದ ಹಣದಲ್ಲೇ ಒಂದು ಮೊತ್ತ ಅವರ ಹೆಸರಲ್ಲಿ ಠೇವಣಿ ಇಟ್ರು, ಎರಡು ಲಕ್ಷಕ್ಕಿಂತ ಬಹಳ ಹೆಚ್ಚು. ಅವರ ಪರವಾಗಿ ಪತ್ರ ಓದೋಕೆ ಬೇರೆ ವಕೀಲರನ್ನ ಇಟ್ಟುಕೊಳ್ಳಿ ಅಂತ ನಾವೇ ಹೇಳಿದ್ವಿ, ಅವರ ತವರಿನ ಕಡೆಯ ಹುಡುಗಿಯೊಬ್ಬಳು ಬಂದು ಓದಿದ್ಲು. ಇದು ಮುಖ್ಯ. ನಾಳೆ ಯಾರೋ ಬಂದು ವಯಸ್ಸಾದವರನ್ನ ಹೆದರಿಸಿ ಹೆಬ್ಬೆಟ್ಟು ಹಾಕಿಸಿಕೊಂಡ್ರು ಅಂದ್ರೆ ಇಡೀ ಪತ್ರವೇ ಅಲ್ಲಾಡುತ್ತೆ.

ಮನೆ ಸಾಲ ಸಿಗಲಿಲ್ಲ. ಊರಲ್ಲಿದ್ದ ಇನ್ನೊಂದು ನಿವೇಶನದ ಮೇಲೆ ಸಾಲ ತಗೊಂಡೆ, ಬಡ್ಡಿ ಸ್ವಲ್ಪ ಜಾಸ್ತಿ. ಅಗ್ಗದ ಮನೆಯ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿ. "ಅಜ್ಜಿ ಇನ್ನೆಷ್ಟು ದಿನ ಇರ್ತಾರೆ ಬಿಡಿ" ಅಂತ ಲೆಕ್ಕ ಹಾಕಿಕೊಟ್ಟವರೂ ಇದ್ರು. ಹಾಗೆ ಲೆಕ್ಕ ಹಾಕಿ ಮನೆ ಕೊಳ್ಳೋರು ದಿನಾ ಬೆಳಗ್ಗೆ ಎದ್ದು ಒಬ್ಬರ ಸಾವು ಕಾಯ್ತಾ ಕೂರಬೇಕು. ನನ್ನ ಕೈಲಾಗಲ್ಲ.

ಓಣಿ ಮತ್ತು ಬಾವಿ

ಹಿಂದಿನ ಮನೆಯ ಹಕ್ಕುಗಳು ಹಾಗೇ ಮುಂದುವರಿದಿವೆ. ಇಲ್ಲಿ ರೈತರಿಗೆ ನೇರವಾಗಿ ಉಪಯೋಗ ಆಗೋ ವಿಷಯ ಇದೆ, ನಿಧಾನವಾಗಿ ಓದಿ.

ಅವರ ಮಗ ಈಗ ಓಣಿಯಲ್ಲಿ ಸ್ಕೂಟರ್ ತರ್ತೀನಿ ಅಂತಾನೆ. ಪತ್ರದಲ್ಲಿ ಇರೋದು ನಡೆದಾಡೋಕೆ. 1882ರ ಈಸ್‌ಮೆಂಟ್ ಕಾಯ್ದೆಯ 28ನೇ ಕಲಂ ಪ್ರಕಾರ ಒಂದು ಬಗೆಯ ದಾರಿ ಹಕ್ಕಿನಲ್ಲಿ ಇನ್ನೊಂದು ಬಗೆಯದು ಸೇರಲ್ಲ. ಕಾಲುದಾರಿ ಬರೆದಿದ್ರೆ ಗಾಡಿ ದಾರಿ ಅಲ್ಲ. ನಿಮ್ಮ ಹೊಲಕ್ಕೆ ಹೋಗೋ ದಾರಿಗೆ ಇದನ್ನ ಹೊಂದಿಸಿ ನೋಡಿ. ತಾತನ ಕಾಲದ ಪತ್ರದಲ್ಲಿ "ಕಾಲುದಾರಿ" ಅಂತ ಇದ್ದು ಈಗ ಟ್ರ್ಯಾಕ್ಟರ್ ಓಡಾಡ್ತಿದ್ರೆ, ಪಕ್ಕದ ಜಮೀನು ಬೇರೆಯವರ ಕೈಗೆ ಹೋದ ದಿನ ತಕರಾರು ಶುರುವಾಗುತ್ತೆ. ಜಮೀನು ಕೈ ಬದಲಾಗೋ ಮೊದಲೇ, ಸಂಬಂಧ ಚೆನ್ನಾಗಿರುವಾಗಲೇ, ಅಗಲ ಎಷ್ಟು, ಯಾವ ವಾಹನ ಅಂತ ಬರೆಸಿ ನೋಂದಣಿ ಮಾಡಿಸಿಕೊಳ್ಳಿ.

ನಾನು ಸ್ಕೂಟರಿಗೆ ಬೇಡ ಅನ್ನಲಿಲ್ಲ. ಬರೆದುಕೊಡ್ತೀನಿ, ಬದಲಿಗೆ ಬಾವಿಯ ಹಕ್ಕು ಬಿಟ್ಟುಕೊಡಿ ಅಂದೆ. ಬಾವಿ ಇದ್ದ ಕಡೆ ಸೊಪ್ಪು ಇಡೋಕೆ ಒಂದು ಸಣ್ಣ ತಂಪು ಕೋಣೆ ಕಟ್ಟೋ ಆಸೆ ನನಗೆ. ಅವರ ಮನೆಗೆ ಪಾಲಿಕೆ ನಲ್ಲಿ ನೀರು ಬಂದು ಎಷ್ಟೋ ವರ್ಷ ಆಗಿದೆ, ಬಾವಿಗೆ ಹಗ್ಗ ಇಳಿಸಿದ್ದು ಯಾರಿಗೂ ನೆನಪಿಲ್ಲ. ಈಗ ಅಗತ್ಯ ಇಲ್ಲವಲ್ಲ, ಹಕ್ಕು ಹೋಯ್ತಲ್ಲ ಅಂತ ಅನ್ನಿಸೋದು ಸಹಜ. ಹಾಗಲ್ಲ. ಬೇರೆ ದಾರಿಯೇ ಇಲ್ಲ ಅನ್ನೋ ಅಗತ್ಯದಿಂದ ಹುಟ್ಟಿದ ಹಕ್ಕು ಅಗತ್ಯ ತೀರಿದಾಗ ಹೋಗುತ್ತೆ, ಪತ್ರದಲ್ಲಿ ಬರೆದು ಕೊಟ್ಟ ಹಕ್ಕು ಹಾಗೆ ಹೋಗಲ್ಲ. 2006ರಲ್ಲಿ ಹೀರೋ ವಿನೋತ್ ವಿರುದ್ಧ ಶೇಷಮ್ಮಾಳ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನ ಸ್ಪಷ್ಟ ಮಾಡಿದೆ, ಅದೂ ಒಂದು ಓಡಾಡೋ ದಾರಿಯ ವ್ಯಾಜ್ಯವೇ. ಹಿಂದಿನ ಮನೆಯ ಹಿರಿಯರು "ಅಪ್ಪ ತೋಡಿಸಿದ ಬಾವಿ, ಬರೆದು ಬಿಡಲ್ಲ" ಅಂದ್ರು. ಆಯ್ತು. ಬಾವಿ ಇದೆ, ಇರುತ್ತೆ. ತಾರಸಿಯ ಮಳೆ ನೀರನ್ನ ಜಲ್ಲಿ, ಮರಳಿನ ಸೋಸುಗುಂಡಿ ದಾಟಿಸಿ ಅದಕ್ಕೇ ಬಿಟ್ಟಿದ್ದೀನಿ. ತಂಪು ಕೋಣೆಯ ಆಸೆ ಬಿಟ್ಟಿದ್ದೀನಿ. ಸ್ಕೂಟರ್ ವಿಷಯ ಇನ್ನೂ ಮಾತಿನಲ್ಲಿದೆ.

ಓಣಿಯ ನೆಲ ನನ್ನದೇ. ಆದ್ರೂ ಮಂಗಳವಾರ ಬೆಳಗ್ಗೆ ಕ್ರೇಟು ಜೋಡಿಸಿ ದಾರಿ ಮುಚ್ಚೋ ಹಾಗಿಲ್ಲ. ಗೇಟ್ ಹಾಕಿದ್ರೆ ಅವರಿಗೂ ಒಂದು ಕೀಲಿ ಕೊಡಬೇಕು. ಬೇರೆ ಕರಾರು ಇಲ್ಲದಿದ್ರೆ ದಾರಿಯ ದುರಸ್ತಿ ಖರ್ಚು ಹಕ್ಕು ಇರೋರದ್ದು, ನೆಲ ಇರೋರದ್ದಲ್ಲ. ನೋಂದಣಿಗೆ ಮೊದಲೇ ಟೇಪ್ ಹಿಡಿದು ಎರಡೂ ಮನೆಯವರ ಎದುರು ಓಣಿ ಅಳೆದು, ಫೋಟೋ ತೆಗೆದು ಇಟ್ಟುಕೊಂಡಿದ್ದೀನಿ. ನಾಲ್ಕು ಅಡಿ, ಒಂದು ಕಡೆ ಮೂರು ಅಡಿ ಹತ್ತು ಇಂಚು. ಆ ಎರಡು ಇಂಚೇ ಮುಂದೆ ಜಗಳ ಆಗೋದು.

ಜಮೀನಿಗೂ ಇದೇ

ಪಹಣಿಯ 11ನೇ ಕಲಂ ನೋಡದೆ ಯಾರೂ ಜಮೀನು ಕೊಳ್ಳಬೇಡಿ, ಹಕ್ಕು ಮತ್ತು ಋಣ ಕಾಣೋದು ಅಲ್ಲೇ. ಬೆಳೆ ಸಾಲದ ಋಣ ಈಗ ಫ್ರೂಟ್ಸ್ ಮೂಲಕ ಬ್ಯಾಂಕಿನಿಂದಲೇ ದಾಖಲಾಗುತ್ತೆ, ಸಾಲ ತೀರಿದ ಮೇಲೆ ತೆಗೆಸಿದ್ದಾರಾ ಅಂತ ನೋಡಬೇಕು. ಹಳೇ ವಿಭಾಗ ಪತ್ರಗಳಲ್ಲಿ ಬಾವಿಯ ನಾಲ್ಕಾಣೆ ಭಾಗ, ಎಂಟಾಣೆ ಭಾಗ ಅಂತ ಇರುತ್ತೆ. ಅದು ಹಕ್ಕೇ, ತಮಾಷೆ ಅಲ್ಲ. ಕ್ರಯದ ಕರಾರು ನೋಂದಣಿ ಆಗಿದ್ದು, ರದ್ದತಿ ಪತ್ರ ಇಲ್ಲದಿದ್ರೆ ವಕೀಲರಿಗೆ ತೋರಿಸಿ. ಅದನ್ನ ಜಾರಿ ಮಾಡಿಸೋಕೆ ಮೂರು ವರ್ಷದ ಗಡುವು ಇದ್ರೂ, ಕರಾರಿನಲ್ಲಿ ತಾರೀಖು ಬರೆದಿಲ್ಲ ಅಂದ್ರೆ ಆ ಮೂರು ವರ್ಷ ಶುರುವಾಗೋದೇ ಒಬ್ಬರು ಆಗಲ್ಲ ಅಂದಾಗ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾದ್ರೆ 1978ರ ಪಿಟಿಸಿಎಲ್ ಕಾಯ್ದೆ ಇದೆ, ಇಸಿ ಎಷ್ಟು ಶುದ್ಧವಾಗಿದ್ರೂ ಸರ್ಕಾರದ ಅನುಮತಿ ಇಲ್ಲದ ಕ್ರಯ ನಿಲ್ಲಲ್ಲ. ಕೋರ್ಟಿನಲ್ಲಿ ದಾವೆ ಇದ್ರೆ ನಮ್ಮಲ್ಲಿ ಅದು ಸಾಮಾನ್ಯವಾಗಿ ಇಸಿಗೆ ಬರಲ್ಲ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಮಾರುವವರ ಹೆಸರು, ಅವರ ಅಪ್ಪನ ಹೆಸರು ಹಾಕಿ ಜಿಲ್ಲೆ ಆರಿಸಿ ಹುಡುಕಿ. ಹತ್ತು ನಿಮಿಷದ ಕೆಲಸ.

ಯಾರದಾದ್ರೂ ಹಕ್ಕು ಬಿಡಿಸಿಕೊಳ್ಳೋದಾದ್ರೆ ಬಾಯಿಮಾತು, ಬಾಂಡ್ ಪೇಪರ್, ವಾಟ್ಸ್‌ಆ್ಯಪ್ ಮೆಸೇಜು ನಂಬಬೇಡಿ. ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿ ಹಕ್ಕು ಕೊಡೋಕೂ ನೋಂದಣಿ ಬೇಕು, ಪತ್ರ ಬರೆದು ಬಿಡೋಕೂ ನೋಂದಣಿ ಬೇಕು.

ನಮ್ಮ ಮನೆಯ ವಿಷಯಕ್ಕೆ ಬಂದ್ರೆ, ಖಾತೆ ನನ್ನ ಹೆಸರಿಗೆ ಆಗಿದೆ. ತೆಂಗಿನಕಾಯಿ ಕೀಳಿಸೋ ದಿನ ಅಜ್ಜಿ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತು ಎಣಿಸ್ತಾರೆ, ಮನೆಗೆ ಅಂತ ನಾಲ್ಕು ನಮಗೂ ಕೊಡ್ತಾರೆ. ಫಸಲು ಅವರದ್ದು ಅಂತ ಪತ್ರದಲ್ಲಿದೆ, ಮರದ ಆರೈಕೆ ಯಾರದ್ದು ಅಂತ ಇಲ್ಲ. ಬುಡದಿಂದ ಆರು ಅಡಿ ಬಿಟ್ಟು ಪಾತಿ ತೆಗೆದು, ಮರಕ್ಕೆ 50 ಕಿಲೋ ಕೊಟ್ಟಿಗೆ ಗೊಬ್ಬರ, 5 ಕಿಲೋ ಬೇವಿನ ಹಿಂಡಿ ಈ ಮುಂಗಾರಿಗೆ ನಾನೇ ಹಾಕಿದ್ದೀನಿ.